ಉಪಗ್ರಹದ ಚಿತ್ರದಲ್ಲಿ ಕಪ್ಪು ಪಟ್ಟೆ ಕಂಡರೆ ಅದು ಎಣ್ಣೆಯೇ? ಕಾರವಾರ ಕಡೆಯವರ ಅನುಭವ ಬೇಕಿತ್ತು

ಹಾರವಾಡದಿಂದ ಕೇಳಿದ್ದು:

ನಮ್ಮದು ಅಂಕೋಲಾ ತಾಲೂಕಿನ ಹಾರವಾಡ. ಅಪ್ಪ ಮೀನುಗಾರರು, ನಾನು ಎಂಎಸ್‌ಸಿ ಮುಗಿಸಿ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿದ್ಯೆ) ಕಲಿಯುತ್ತಿದ್ದೇನೆ. ಮಳೆಗಾಲದ ಮುಂಚೆ, ಕಡಲಲ್ಲಿ ಚೆಲ್ಲಿದ ಎಣ್ಣೆ ಗಟ್ಟಿಯಾಗಿ ಡಾಂಬರಿನ ಉಂಡೆಯಾಗಿ ದಡಕ್ಕೆ ಬರುವುದು ನಮಗೆ ಹೊಸದಲ್ಲ. ಮೊದಲೇ ಗೊತ್ತಾದರೆ ಬಲೆ ಉಳಿಸಿಕೊಳ್ಳಬಹುದಲ್ಲ ಎಂದು ಸೆಂಟಿನೆಲ್-1 ಉಪಗ್ರಹದ ರಾಡಾರ್ ಚಿತ್ರಗಳನ್ನು ಇಳಿಸಿಕೊಂಡು ನೋಡಲು ಶುರು ಮಾಡಿದೆ. ಮೇ ತಿಂಗಳಲ್ಲಿ ಒಂದು ಚಿತ್ರದಲ್ಲಿ ಕಾರವಾರದೆದುರಿನ ದೇವಗಡ ನಡುಗಡ್ಡೆಯ ಪಡುವಣಕ್ಕೆ ಉದ್ದನೆಯ ಕಪ್ಪು ಪಟ್ಟೆ ಕಂಡಿತು. 2006ರಲ್ಲಿ ಎಣ್ಣೆ ಚೆಲ್ಲಿದ ಓಶನ್ ಸೆರಾಯಾ ಹಡಗು ಬಂಡೆಗೆ ಕೂತದ್ದೂ ಅಲ್ಲೇ ಅಲ್ಲವೇ, ಎದೆ ಧಸಕ್ಕೆಂದಿತು. ಅಪ್ಪನಿಗೆ ಹೇಳಿದೆ, ಅಪ್ಪ ಇನ್ನು ನಾಲ್ಕು ಮನೆಯವರಿಗೆ ಹೇಳಿದರು. ಆ ದಿನ ಯಾರೂ ಆ ಕಡೆ ಬಲೆ ಹಾಕಲಿಲ್ಲ. ಮಧ್ಯಾಹ್ನ ಅಲ್ಲಿಂದ ಬಂದ ಬೋಟಿನವರು ನೀರು ತಿಳಿಯಾಗಿದೆ ಎಂದರು. ಅಪ್ಪ ಏನೂ ಅನ್ನಲಿಲ್ಲ. ಆದರೆ ಐದು ಮನೆಯ ಒಂದು ದಿನದ ದುಡಿಮೆ ನನ್ನಿಂದ ಹೋಯಿತು. ಎಣ್ಣೆ ಯಾವುದು, ಎಣ್ಣೆಯಲ್ಲದ್ದು ಯಾವುದು ಎಂದು ಹೇಗೆ ಗುರುತಿಸುತ್ತೀರಿ? ನಿಜವಾಗಿ ಎಣ್ಣೆಯಾದರೆ ಮೊದಲು ಏನು ಮಾಡಬೇಕು?

ಶಿರಸಿ ಮೂಲದವರು, ರಾಡಾರ್ ಚಿತ್ರಗಳ ಕೆಲಸದಲ್ಲಿರುವವರು:

ಈ ತಪ್ಪು ನಾವೆಲ್ಲ ಮಾಡಿದ್ದೇ. ನಾನು ಮೊದಲ ವರ್ಷದಲ್ಲಿ ಗುರುತು ಹಾಕಿ ಕೊಟ್ಟ ಮಚ್ಚೆಗಳಲ್ಲಿ ಅರ್ಧಕ್ಕರ್ಧ ಎಣ್ಣೆಯಾಗಿರಲಿಲ್ಲ.

ರಾಡಾರ್ ಎಣ್ಣೆಯನ್ನು ನೋಡುವುದೇ ಇಲ್ಲ. ಜೆಟ್ಟಿಯಲ್ಲಿ ಬೋಟಿನ ಎಂಜಿನ್ನಿಂದ ಡೀಸೆಲ್ ತೊಟ್ಟಿಕ್ಕುವಾಗ ಗಮನಿಸಿ. ಸುತ್ತಲಿನ ನೀರು ಗಾಳಿಗೆ ನವಿರಾಗಿ ನಡುಗುತ್ತಿರುತ್ತದೆ, ಡೀಸೆಲ್ ಹರಡಿದಷ್ಟು ಜಾಗ ಮಾತ್ರ ಇಸ್ತ್ರಿ ಮಾಡಿದ ಹಾಗೆ ನುಣ್ಣಗಿರುತ್ತದೆ. ಸೆಂಟಿನೆಲ್-1 ಕಳಿಸುವ ಅಲೆಯ ಉದ್ದ ಸುಮಾರು 5.6 ಸೆಂಟಿಮೀಟರ್. ಅದು ನೀರಿನ ಮೇಲಿನ ಅಷ್ಟೇ ಸಣ್ಣ ತೆರೆಗಳಿಗೆ ಬಡಿದು ವಾಪಸು ಬರುತ್ತದೆ. ತೆರೆ ಅಡಗಿದ ಕಡೆ ವಾಪಸು ಬರುವುದು ಕಡಿಮೆ, ಹಾಗಾಗಿ ಕಪ್ಪು. ತೆರೆಯನ್ನು ಅಡಗಿಸಿದ್ದು ಎಣ್ಣೆಯೋ, ಗಾಳಿ ನಿಂತದ್ದೋ, ಮೀನಿನ ಜಿಡ್ಡೋ ಎಂಬುದು ಅದಕ್ಕೆ ತಿಳಿಯದು.

ನಿಮ್ಮ ಚಿತ್ರ ಎಷ್ಟು ಗಂಟೆಯದು, ಅದನ್ನು ಮೊದಲು ನೋಡಿ. ಈ ಉಪಗ್ರಹ ನಮ್ಮ ಮೇಲೆ ಹಾಯುವುದು ಬೆಳಿಗ್ಗೆ ಆರರ ಸುಮಾರಿಗೆ, ಇಲ್ಲವೇ ಸಂಜೆ ಆರರ ಸುಮಾರಿಗೆ. ಮೇ ತಿಂಗಳ ಬೆಳಗಿನಲ್ಲಿ ಘಟ್ಟದ ಕಡೆಯಿಂದ ಬರುವ ಗಾಳಿ ತೀರ ಮೆದು. ಗುಡ್ಡ, ನಡುಗಡ್ಡೆಗಳ ಮರೆಯಲ್ಲಿ ಅದೂ ಇರುವುದಿಲ್ಲ. ಗಾಳಿ ಸೆಕೆಂಡಿಗೆ ಎರಡು ಮೂರು ಮೀಟರಿಗಿಂತ ಕಡಿಮೆಯಿದ್ದರೆ ಬರೀ ನೀರೂ ಕಪ್ಪಗೇ ಕಾಣುತ್ತದೆ. ಹತ್ತು ಹನ್ನೆರಡು ಮೀಟರ್ ದಾಟಿತೋ, ನಿಜವಾದ ಎಣ್ಣೆಯೂ ಅಲೆಯಲ್ಲಿ ಕಲಸಿಹೋಗಿ ಮರೆಯಾಗುತ್ತದೆ. ನಡುವಿನ ಗಾಳಿಯಲ್ಲಿ ಮಾತ್ರ ಚಿತ್ರವನ್ನು ನಂಬಬಹುದು. ಗಾಳಿಯ ಲೆಕ್ಕ ನೋಡದೆ ಕಪ್ಪು ಮಚ್ಚೆಯ ಬಗ್ಗೆ ಬಾಯಿ ಬಿಡಬಾರದು ಎಂಬುದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಓಶನ್‌ಸ್ಯಾಟ್-3 ಉಪಗ್ರಹದಲ್ಲಿ ಗಾಳಿ ಅಳೆಯುವ ಉಪಕರಣವಿದೆ, ಆದರೆ ದಡದ ಹತ್ತಿರ ಅದರ ಅಳತೆ ಒರಟು. ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನ ಗಾಳಿ-ಅಲೆ ಮುನ್ಸೂಚನೆಯನ್ನೂ ಜೊತೆಗಿಟ್ಟುಕೊಳ್ಳಿ.

ಆಮೇಲೆ ಅದೇ ಜಾಗದ ಹಳೆಯ ಚಿತ್ರಗಳನ್ನು ತೆಗೆಯಿರಿ. ಹನ್ನೆರಡು ದಿನಕ್ಕೊಮ್ಮೆ ಉಪಗ್ರಹ ಅದೇ ದಾರಿಯಲ್ಲಿ, ಅದೇ ಕೋನದಲ್ಲಿ ಬರುತ್ತದೆ. ಮೂರು ನಾಲ್ಕು ಚಿತ್ರಗಳಲ್ಲಿ ಮಚ್ಚೆ ಅಲ್ಲಲ್ಲೇ ಕೂತಿದ್ದರೆ ಅದು ಗಾಳಿಯ ಮರೆ. ಎಣ್ಣೆ ಒಂದೇ ಕಡೆ ಕೂರುವುದಿಲ್ಲ. ಸಾಗುವ ಹಡಗು ಕದ್ದು ಹೊಲಸು ಎಣ್ಣೆ ಬಿಟ್ಟಿದ್ದರೆ ಹಡಗಿನ ದಾರಿಗುಂಟ ಸಪೂರ ಗೆರೆ ಇರುತ್ತದೆ. ಕೆಲವೊಮ್ಮೆ ಗೆರೆಯ ತುದಿಯಲ್ಲಿ ಹಡಗೇ ಬಿಳಿ ಚುಕ್ಕೆಯಾಗಿ ಸಿಕ್ಕಿಬೀಳುತ್ತದೆ. ಅಂಚು ಮಸುಕಾಗಿ ಅಗಲಕ್ಕೆ ಹರಡಿದ ಕಪ್ಪನ್ನು ಅನುಮಾನದಿಂದಲೇ ನೋಡಿ.

ಮೋಡವಿಲ್ಲದ ದಿನ ಸೆಂಟಿನೆಲ್-2ರ ಬಣ್ಣದ ಚಿತ್ರವನ್ನೂ ಪಕ್ಕದಲ್ಲಿಡಿ, 10 ಮೀಟರ್ ವಿವರ ಸಿಗುತ್ತದೆ. ಮಾರ್ಚ್‌ನಿಂದ ಮೇವರೆಗೆ ನಮ್ಮ ಕಡಲಲ್ಲಿ ಟ್ರೈಕೋಡೆಸ್ಮಿಯಂ ಎಂಬ ಪಾಚಿ ಮರದ ಹೊಟ್ಟಿನ ಹಾಗೆ ಪಟ್ಟೆ ಪಟ್ಟೆಯಾಗಿ ತೇಲುತ್ತದೆ. ರಾಡಾರಿನಲ್ಲಿ ಅದೂ ಕಪ್ಪಾಗಬಹುದು, ಬಣ್ಣದ ಚಿತ್ರದಲ್ಲಿ ಗುಟ್ಟು ಬಯಲಾಗುತ್ತದೆ. ಜೂನ್ ನಂತರ ಮೋಡ ಮುಚ್ಚಿದರೆ ಮತ್ತೆ ರಾಡಾರೇ ಗತಿ. ನಮ್ಮ ದೇಶದ್ದೇ ರಾಡಾರ್ ಉಪಗ್ರಹ ಇಒಎಸ್-04 ಇದೆ, 2022ರ ಫೆಬ್ರವರಿಯಲ್ಲಿ ಹಾರಿದ್ದು, ಅದೂ ಮೋಡದೊಳಗಿಂದ ನೋಡಬಲ್ಲದು.

ಬೈತಖೋಲದ ಬೋಟಿನವರು:

ತಂಗಿ, ನೀ ಹೇಳಿದ್ದು ತಪ್ಪಲ್ಲ. ಹೇಳೂದಕ್ಕಿಂತ ಮುಂಚೆ ಒಂದು ಫೋನ್ ಮಾಡಬೇಕಿತ್ತು, ಅಷ್ಟೇ. ಬೆಳಿಗ್ಗೆ ಆರಕ್ಕೆ ಅಲ್ಲಿ ಯಾರಾದ್ರೂ ಒಬ್ಬರು ಇದ್ದೇ ಇರ್ತಾರೆ.

2006ರ ಮೇ 30ಕ್ಕೆ ಓಶನ್ ಸೆರಾಯಾ ಆಯಿಸ್ಟರ್ ರಾಕ್ ಬಂಡೆಗೆ ಬಂದು ಕೂತಾಗ ನಾನು ಇಲ್ಲೇ ಇದ್ದೆ. ಟ್ಯಾಂಕಿನಲ್ಲಿ ಆರು ನೂರು ಟನ್ನಿಗಿಂತ ಹೆಚ್ಚು ಎಣ್ಣೆ ಇತ್ತು. ಮಳೆಗಾಲ ತಲೆ ಮೇಲೆ. ನಮಗೆ ಮೊದಲು ಗೊತ್ತಾದದ್ದು ಕಣ್ಣಿಗಲ್ಲ, ಮೂಗಿಗೆ. ಆಮೇಲೆ ದಡದಲ್ಲಿ ಕಾಲಿಟ್ಟರೆ ಅಂಗಾಲಿಗೆ ಕರೀ ಅಂಟು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಉಗುರಿನ ಸಂದಿಯದು ಹೋಗ್ಲಿಲ್ಲ. ಆ ಎಣ್ಣೆ ಹತ್ತಿದ ಬಲೆ ತೊಳೆದು ಪ್ರಯೋಜನ ಇಲ್ಲ, ಮತ್ತೆ ನೀರಿಗೆ ಬಿಟ್ಟರೆ ಮೀನಿಗೂ ಅದೇ ನಾತ.

ಬಣ್ಣ ನೋಡೂದು ಕಲಿ. ಬೆಳ್ಳಿ ಹಂಗೆ ಹೊಳೆದರೆ, ಕಾಮನಬಿಲ್ಲಿನ ಬಣ್ಣ ಇದ್ದರೆ, ಅದು ತೆಳು. ಕಪ್ಪು ಇಲ್ಲಾ ಕಂದು ಬಣ್ಣ ಗಟ್ಟಿಯಾಗಿ ಕಂಡರೆ ಬಲೆ ಎತ್ತಿಕೊಂಡು ಹೊರಡೂದೇ. ತಾರ್ಲೆ ಮೀನಿನ ಗುಂಪು ಹಾಯುವಲ್ಲೂ ನೀರು ಎಣ್ಣೆ ಹೊಡೆದ ಹಂಗೆ ನುಣ್ಣಗಿರ್ತದೆ. ಅದನ್ನ ನೋಡಿ ನಾವು ಬಲೆ ಬಿಡ್ತೇವೆ, ನಿನ್ನ ಉಪಗ್ರಹ ಅದನ್ನೂ ಕಪ್ಪಂತ ತೋರಿಸೂದಾದ್ರೆ ನಮ್ಮನ್ನ ಕೇಳೂದೇ ಒಳ್ಳೇದು.

ಶಿರಸಿಯವರು ಮತ್ತೆ:

ಅಣ್ಣ ಹೇಳಿದ ಬಣ್ಣಗಳಿಗೆ ಅಳತೆಯೂ ಇದೆ. ವಿಮಾನದಿಂದ ನೋಡುವವರು ಬಳಸುವ, ಯುರೋಪಿನ ದೇಶಗಳ ಬಾನ್ ಒಪ್ಪಂದದ ಪಟ್ಟಿಯಲ್ಲಿ ಬೆಳ್ಳಿಯ ಹೊಳಪು ಎಂದರೆ 0.04ರಿಂದ 0.3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪ, ಕಾಮನಬಿಲ್ಲು 5 ಮೈಕ್ರಾನ್‌ವರೆಗೆ, ಎಣ್ಣೆಯ ನಿಜವಾದ ಬಣ್ಣ ಬಿಡುವಿಲ್ಲದೆ ಕಂಡರೆ 200ಕ್ಕಿಂತ ಹೆಚ್ಚು. ಒಂದು ಚದರ ಕಿಲೋಮೀಟರ್ ಪೂರ್ತಿ 0.1 ಮೈಕ್ರಾನ್ ಪದರ ಹರಡಲು ನೂರು ಲೀಟರ್ ಎಣ್ಣೆ ಸಾಕು. ರಾಡಾರ್ ಚಿತ್ರದಲ್ಲಿ ಮಚ್ಚೆ ದೊಡ್ಡದು ಎಂದರೆ ಎಣ್ಣೆ ಬಹಳ ಎಂದಲ್ಲ. ಆ ಲೆಕ್ಕ ನೀರಿನ ಮೇಲಿದ್ದವರ ಕಣ್ಣಿನಿಂದಲೇ ಬರಬೇಕು.

ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದಿದ ಒಬ್ಬರು:

ತಂಗಿ, ಡಾಂಬರಿನ ಉಂಡೆಯನ್ನೇ ಉಪಗ್ರಹದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವು ಗೋಲಿಯಷ್ಟೋ ನಿಂಬೆಯಷ್ಟೋ ಇರುತ್ತವೆ, ಅರ್ಧ ಮುಳುಗಿ ಬರುತ್ತವೆ. ಅವುಗಳ ಮೂಲ ಪ್ರಯೋಗಾಲಯದಲ್ಲಿ ಗೊತ್ತಾಗುತ್ತದೆ. ಪ್ರತಿ ಕಚ್ಚಾತೈಲಕ್ಕೂ ಅದರದ್ದೇ ರಾಸಾಯನಿಕ ಗುರುತು ಇರುತ್ತದೆ. ಗೋವಾದ ದಡದ ಉಂಡೆಗಳನ್ನು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಹೀಗೇ ಪರೀಕ್ಷಿಸಿ ಮುಂಬೈ ಆಚೆಯ ಕಡಲಿನ ಬಾಂಬೆ ಹೈ ತೈಲಬಾವಿಗಳ ಎಣ್ಣೆಯ ಹಾಗೂ ಟ್ಯಾಂಕರ್ ತೊಳೆದ ತ್ಯಾಜ್ಯದ ಗುರುತು ಹಿಡಿದಿದ್ದಾರೆ. ನಿಮ್ಮ ದಡದಲ್ಲಿ ಸಿಕ್ಕರೆ ಗಾಜಿನ ಬಾಟಲಿಯಲ್ಲಿ ಹಾಕಿ, ಪ್ಲಾಸ್ಟಿಕ್ ಬೇಡ. ಮುಚ್ಚಳದೊಳಗೆ ಅಲ್ಯೂಮಿನಿಯಂ ಹಾಳೆ, ಮೇಲೆ ದಿನಾಂಕ ಮತ್ತು ಜಾಗ. ಫ್ರಿಜ್ಜಿನಲ್ಲಿಡಿ. ನಾನು ಮೊದಲ ಸಲ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ ಇಡೀ ಮಾದರಿ ಹಾಳು ಮಾಡಿದ್ದೆ.

ಎಣ್ಣೆ ಗಾಳಿಯ ವೇಗದ ಸುಮಾರು ನೂರಕ್ಕೆ ಮೂರರಷ್ಟು ವೇಗದಲ್ಲಿ ಸಾಗುತ್ತದೆ, ಅದಕ್ಕೆ ನೀರಿನ ಸೆಳೆತ ಸೇರುತ್ತದೆ. ಸೆಕೆಂಡಿಗೆ ಹತ್ತು ಮೀಟರ್ ಗಾಳಿಯಿದ್ದರೆ ದಿನಕ್ಕೆ 26 ಕಿಲೋಮೀಟರ್. ನಿನ್ನೆಯ ಚಿತ್ರ ಹಿಡಿದು ಇವತ್ತು ಹುಡುಕಿದರೆ ಏನೂ ಸಿಗುವುದಿಲ್ಲ. ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕವನ್ನು ಇನ್‌ಕಾಯ್ಸ್ ಕಟ್ಟಿಕೊಡುತ್ತದೆ. 2025ರ ಮೇ 25ರಂದು ಕೇರಳದಾಚೆ ಎಂಎಸ್‌ಸಿ ಎಲ್ಸಾ 3 ಮುಳುಗಿದ್ದು ಎಲ್ಲರಿಗೂ ನೆನಪಿರಬೇಕು, 640 ಕಂಟೇನರ್, 367 ಟನ್ ಫರ್ನೇಸ್ ಎಣ್ಣೆ. ಅಂಥದ್ದು ನಮ್ಮ ಎದುರಿಗೇ ಆದರೆ?

ನನಗೆ ರಾತ್ರಿ ನಿದ್ದೆ ಕೆಡಿಸುವುದು ಅಘನಾಶಿನಿ ನದಿಯ ಅಳಿವೆ. ಇಳಿತದಲ್ಲಿ ಹೆಂಗಸರು ಮೊಣಕಾಲು ನೀರಿನಲ್ಲಿ ಬಗ್ಗಿ ಬಳಚು (ತಿನ್ನುವ ಚಿಪ್ಪಿನ ಜೀವಿ) ಹೆಕ್ಕುವ ಜಾಗಕ್ಕೆ ಭರತದ ನೀರಿನ ಜೊತೆ ಎಣ್ಣೆ ಒಳಬಂದರೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ಕೆಸರಿನಿಂದ ಅದನ್ನು ತೆಗೆಯುವ ದಾರಿ ಯಾರಿಗೂ ಇಲ್ಲ. ಅಳಿವೆಯ ಬಾಯಿಗೆ ತೇಲುಬೇಲಿ ಕಟ್ಟಬಹುದು. ಆದರೆ ಸೆಳೆತ 0.7 ನಾಟ್ (ಗಂಟೆಗೆ ಸುಮಾರು 1.3 ಕಿಲೋಮೀಟರ್) ದಾಟಿದರೆ ಅಡ್ಡಡ್ಡ ಕಟ್ಟಿದ ಬೇಲಿಯ ಅಡಿಯಿಂದ ಎಣ್ಣೆ ನುಸುಳುತ್ತದೆ, ಓರೆಯಾಗಿ ಕಟ್ಟಿ ದಡದ ಒಂದು ಮೂಲೆಗೆ ತಳ್ಳಬೇಕು. ಯಾವ ಮೂಲೆ, ಲಾರಿ ಎಲ್ಲಿವರೆಗೆ ಬರುತ್ತದೆ, ಬಳಚಿನ ದಿಬ್ಬ ಎಲ್ಲಿ, ಕಡಲಾಮೆ ಮೊಟ್ಟೆಯಿಡುವ ಮರಳು ಎಲ್ಲಿ, ಇದನ್ನೆಲ್ಲ ಈಗಲೇ ನಕ್ಷೆ ಮಾಡಿಡಿ. ನಿಮ್ಮ ಜಿಐಎಸ್ ಓದು ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲೇ ಎಂದು ನನ್ನ ಅನಿಸಿಕೆ. ಕಾಳಿಯಿಂದ ಶರಾವತಿವರೆಗೆ ನಾಲ್ಕು ಅಳಿವೆ, ಸೆಂಟಿನೆಲ್-2 ಸಾಕು, ಜೊತೆಗೆ ಬಳಚು ಹೆಕ್ಕುವವರೊಡನೆ ನಾಲ್ಕು ದಿನ ನಡೆಯಬೇಕು.

ಬಂದರಿನ ಕೆಲಸದಿಂದ ನಿವೃತ್ತರಾದವರು:

ಎಣ್ಣೆ ಖಚಿತವಾದರೆ ಕರಾವಳಿ ರಕ್ಷಣಾ ಪಡೆಯ 1554 ನಂಬರಿಗೆ ಫೋನ್ ಮಾಡಿ. ಎಣ್ಣೆ ಸೋರಿಕೆಯ ರಾಷ್ಟ್ರೀಯ ಯೋಜನೆಯಲ್ಲಿ ಹೊಣೆ ಅವರದೇ. ಬೋಟಿನಲ್ಲಿದ್ದರೆ ವಿಎಚ್‌ಎಫ್ ರೇಡಿಯೊದ ಚಾನೆಲ್ 16. ಜಿಪಿಎಸ್ ಅಂಕಿ, ಸಮಯ, ಬಣ್ಣ, ಉದ್ದಗಲ, ಗಾಳಿಯ ದಿಕ್ಕು ಹೇಳಿ. ಹತ್ತಿರ ಹಡಗಿದ್ದರೆ ಹೆಸರು ಬರೆದುಕೊಳ್ಳಿ. ವಾಸನೆ ಗಾಢವಾಗಿದ್ದರೆ ಗಾಳಿ ಬರುವ ಕಡೆಗೇ ಇರಿ, ಬೀಡಿ ಹಚ್ಚಬೇಡಿ. ಯಾರೂ ಸೋಪಿನ ನೀರು ಸುರಿಯಬೇಡಿ. ಎಣ್ಣೆ ಕರಗಿಸುವ ಔಷಧಿಗೆ ಅನುಮತಿ ಬೇಕು, ಆಳವಿಲ್ಲದ ನೀರಿನಲ್ಲಿ ಅದು ಮೀನಿನ ಮರಿಗಳಿಗೆ ವಿಷ.

ಹಾರವಾಡದಿಂದ ಮತ್ತೆ:

ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ಕೂತು ಫೆಬ್ರವರಿಯಿಂದ ಬೆಳಗಿನ ಚಿತ್ರಗಳನ್ನೆಲ್ಲ ತೆಗೆದೆ. ಆರರಲ್ಲಿ ನಾಲ್ಕರಲ್ಲಿ ಆ ಪಟ್ಟೆ ಅಲ್ಲೇ ಇದೆ. ಅಪ್ಪನಿಗೆ ತೋರಿಸಿದೆ. "ಆ ಜಾಗದಲ್ಲಿ ಬೆಳಗಾಮುಂಚೆ ಗಾಳಿ ಇರೂದಿಲ್ಲ, ಹಾಯಿ ಕಾಲದಲ್ಲಿ ಅಜ್ಜ ಹುಟ್ಟು ಹಾಕ್ತಿದ್ರು" ಅಂದರು. ಅಳಿವೆಗಳ ನಕ್ಷೆಯನ್ನು ಗಂಗಾವಳಿಯಿಂದ ಶುರು ಮಾಡುತ್ತೇನೆ, ಮನೆಗೆ ಅದೇ ಹತ್ತಿರ. ಬೈತಖೋಲದ ಅಣ್ಣ, ಕಪ್ಪು ಕಂಡ ದಿನ ನಿಮಗೆ ಜಾಗ ಕಳಿಸಿದರೆ ನೋಡಿ ಹೇಳುತ್ತೀರಾ?

ಬೈತಖೋಲದ ಬೋಟಿನವರು:

ಕಳಿಸು. ಆಗಸ್ಟ್ ಒಂದಕ್ಕೆ ಬೋಟ್ ಬಿಡ್ತೇವೆ. ಅಲ್ಲಿವರೆಗೆ ಪಾತಿ ದೋಣಿಯ ಇಬ್ಬರ ನಂಬರ್ ಕೊಡ್ತೆ, ಅವರು ದೇವಗಡದ ಒಳಗಿನ ನೀರು ನೋಡ್ಕೊಂಡು ಹೇಳ್ತಾರೆ.