ಪಿಕಪ್ ಹಿಂದಿನ ಚಕ್ರದಲ್ಲಿ ಗರಗರ ಸದ್ದು, ಬೇರಿಂಗಾ ಲೈನರಾ?

ಪ್ರಶ್ನೆ (ಸೇಡಂ):
ಅಣ್ಣ, ಹೆಸರುಕಾಳಿನ ಚೀಲ ಹೇರಿಕೊಂಡು ಕಲಬುರಗಿ ಎಪಿಎಂಸಿಗೆ ಓಡಾಡುವ ಪಿಕಪ್ ನಮ್ಮದು. ಒಂದು ವಾರದಿಂದ ಹಿಂದೆ ಗರಗರ ಅಂತಿದೆ, ಗಿರಣಿಯಲ್ಲಿ ಹರಳು ಸಿಕ್ಕಿಕೊಂಡ ಹಾಗೆ. ಲೋಡ್ ಇದ್ದಾಗ ಜಾಸ್ತಿ. ಮಿಸ್ತ್ರಿ ಚಕ್ರ ಬಿಚ್ಚದೇ ಎರಡೂ ಕಡೆ ಬೇರಿಂಗ್ ಹಾಕಿಸು ಅಂದ. ಹಾಕಿಸಲಾ?

ಉತ್ತರ (ಹುಮನಾಬಾದ್):
ಸುಮ್ನೆ ಹಾಕಿಸಬೇಡ ತಮ್ಮಾ. ಸದ್ದು ಯಾವಾಗ ಬದಲಾಗುತ್ತೆ ಅಂತ ಮೊದಲು ನೋಡು. ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಹೋಗು. ಬ್ರೇಕ್ ಒತ್ತಿದಾಗ ಕರ್ರ್ ಅಂದರೆ ಲೈನರ್, ಅಂದ್ರೆ ಉಜ್ಜಿ ಚಕ್ರ ನಿಲ್ಲಿಸುವ ಬ್ರೇಕ್ ಪಟ್ಟಿ, ಸವೆದು ಅದರ ಹಿಂದಿನ ಕಬ್ಬಿಣ ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ತಾಗುತ್ತಿದೆ. ಬ್ರೇಕ್ ಮುಟ್ಟದಿದ್ದರೂ ಸದ್ದು ಇದ್ದು, ಎಡಕ್ಕೆ ತಿರುಗಿಸಿದಾಗ ಹೆಚ್ಚಾದರೆ ಬಲಗಡೆ ಬೇರಿಂಗ್ ಮೇಲೆ ಅನುಮಾನ ಪಡು, ಯಾಕಂದ್ರೆ ತಿರುವಿನಲ್ಲಿ ಭಾರ ಆ ಕಡೆ ಬೀಳುತ್ತೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಊಳಿಟ್ಟರೆ ಹಿಂದಿನ ಆಕ್ಸಲ್ ಹೌಸಿಂಗ್ ಒಳಗಿನ ಕ್ರೌನ್ ಪಿನಿಯನ್, ಅಂದ್ರೆ ಚಕ್ರ ತಿರುಗಿಸುವ ಹಲ್ಲುಚಕ್ರದ ಜೋಡಿ, ಅದು ದೊಡ್ಡ ಕೆಲಸ.

ಆಮೇಲೆ ಲೋಡ್ ಇಳಿಸಿ ಜಾಕ್ ಹಾಕು. ಮುಂದಿನ ಚಕ್ರಗಳಿಗೆ ಕಲ್ಲು ಕೊಡು, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಟ್ಟಿರಲಿ. ನಮ್ಮ ಕರಿಮಣ್ಣಲ್ಲಿ ಜಾಕ್ ಹೂತುಹೋಗುತ್ತೆ, ಕೆಳಗೆ ದಪ್ಪ ಹಲಗೆ ಇಡು, ಫರಸಿ ಕಲ್ಲು ಇಡಬೇಡ, ಒಡೆದರೆ ಗಾಡಿ ಕೂತುಬಿಡುತ್ತೆ. ಗಾಡಿ ಕೆಳಗೆ ಮಾತ್ರ ತಲೆ ಹಾಕಬೇಡ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸು, ಲೊಟಕ್ ಅಂದರೆ ಬೇರಿಂಗ್. ಕೈಯಿಂದ ತಿರುಗಿಸಿ ಕಿವಿಗೊಟ್ಟು ಕೇಳು.

ಪ್ರಶ್ನೆ ಕೇಳಿದವರು:
ಇವತ್ತು ಮಾಡಿದೆ ಅಣ್ಣ. ಚಕ್ರ ಅಲ್ಲಾಡಲಿಲ್ಲ. ಆದರೆ ಬಲಗಡೆಯದು ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಕರ್ರ್ ಅಂದು ಹಿಡಿಯುತ್ತಿತ್ತು. ಬೇರೆ ಗ್ಯಾರೇಜಿನಲ್ಲಿ ಡ್ರಮ್ ತೆಗೆಸಿದೆ. ಹೊಲದ ದಾರಿಯ ಕೆಸರು ಒಳಗೆ ಹೋಗಿ ಒಣಗಿ ಗಟ್ಟಿಯಾಗಿತ್ತು, ಅದರೊಳಗೆ ಕಡಲೆಕಾಳಿನಷ್ಟು ಹರಳು. ಲೈನರ್ ಸವೆದು ರಿವಿಟ್ ಹೊಳೆಯುತ್ತಿತ್ತು. ಡ್ರಮ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು. ಬೇರಿಂಗ್ ನುಣ್ಣಗೆ ತಿರುಗುತ್ತಿದೆ.

ಉತ್ತರ (ಹುಮನಾಬಾದ್):
ಬಿಚ್ಚಿ ನೋಡಿದ್ದು ಬಹಳ ಒಳ್ಳೆಯದಾಯಿತು. ಲೋಡ್ ಇದ್ದಾಗ ಬ್ರೇಕ್ ಜೋರಾಗಿ ಒತ್ತಬೇಕಲ್ವಾ, ಅದಕ್ಕೇ ಸದ್ದು ಜಾಸ್ತಿ. ಲೈನರ್ ಎರಡೂ ಕಡೆ ಹಾಕಿಸು, ಒಂದೇ ಕಡೆ ಹಾಕಿಸಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯುತ್ತೆ. ಡ್ರಮ್ ಒಳಮೈ ಕೊರೆದು ಸಮ ಮಾಡಿಸಲು ಲೇತಿಗೆ ಕೊಡು, ಅದರ ಮೇಲೆ ಬರೆದ ಅಳತೆಗಿಂತ ಜಾಸ್ತಿ ಕೊರೆಯಬೇಕಾಗಿ ಬಂದರೆ ಹೊಸದೇ ತಗೋ. ಒಳಗಿನ ಧೂಳನ್ನು ಗಾಳಿ ಹೊಡೆದು ಊದಿಸಬೇಡ, ಎದೆಗೆ ಹೋಗುತ್ತೆ, ಒದ್ದೆ ಬಟ್ಟೆಯಿಂದ ಒರೆಸಲಿ. ಇನ್ನೊಂದು, ಲೈನರ್ ಮೇಲೆ ಎಣ್ಣೆ ಜಿಡ್ಡು ಇತ್ತಾ? ಇದ್ದರೆ ಆಕ್ಸಲ್ ಎಣ್ಣೆ ಹೊರಗೆ ಬರದಂತೆ ತಡೆಯುವ ಆಯಿಲ್ ಸೀಲ್ ಹೋಗಿದೆ. ಅದನ್ನು ಬದಲಿಸದೆ ಹೊಸ ಲೈನರ್ ಕೂರಿಸಬೇಡ.

ಪ್ರಶ್ನೆ ಕೇಳಿದವರು:
ಜಿಡ್ಡು ಇಲ್ಲ ಅಣ್ಣ, ಒಣಗಿದೆ. ನಾಳೆ ಡ್ರಮ್ ಲೇತಿಗೆ ಒಯ್ಯುತ್ತೇನೆ.