ಸಭೆಯ ಕೆಲಸ ಜಾಸ್ತಿ, ದೇವರ ಮುಂದೆ ಒಬ್ಬಳೇ ಕೂರುವ ಹೊತ್ತು ಕಮ್ಮಿ. ನೀವೆಲ್ಲ ಹೇಗೆ ಮಾಡುತ್ತೀರಿ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಬ್ಯಾಂಕಿನಲ್ಲಿ ಕೆಲಸ, ಇಬ್ಬರು ಚಿಕ್ಕ ಮಕ್ಕಳು, ಅತ್ತೆಗೆ ಹುಷಾರಿಲ್ಲ. ಅದರ ಮೇಲೆ ಸಂಡೇ ಸ್ಕೂಲ್, ಕ್ವಾಯರ್, ಸ್ತ್ರೀಯರ ಸಂಘದ ಲೆಕ್ಕ ಬರೆಯುವುದು, ಗುರುವಾರ ಯಾರದಾದರೂ ಮನೆಯಲ್ಲಿ ಕಾಟೇಜ್ ಪ್ರೇಯರ್. ಡಿಸೆಂಬರ್ ಬಂತೆಂದರೆ ಕ್ಯಾರಲ್ಸ್, ಕೇಳುವುದೇ ಬೇಡ. ಇದ್ಯಾವುದೂ ನನಗೆ ಬೇಜಾರಿನ ಕೆಲಸವಲ್ಲ, ಪ್ರೀತಿಯಿಂದಲೇ ಮಾಡುತ್ತೇನೆ. ಆದರೆ ಸತ್ಯವೇದ (ಬೈಬಲ್) ತೆಗೆದರೆ ಸಾಕು, ಇದರಲ್ಲಿ ಮಕ್ಕಳಿಗೆ ಏನು ಪಾಠ ಮಾಡಬಹುದು ಅಂತಲೇ ತಲೆ ಓಡುತ್ತದೆ. ನನಗಾಗಿ ಓದಿ, ಓದಿದ ಮೇಲೆ ಸುಮ್ನೆ ಸ್ವಾಮಿಯ ಮುಂದೆ ಕೂತು ಎಷ್ಟು ಕಾಲವಾಯಿತೋ.

ಬೆಳಿಗ್ಗೆ ಬೇಗ ಏಳಿ, ಯೇಸು ಸ್ವಾಮಿ ನಸುಕಿನಲ್ಲೇ ಎದ್ದು ಒಬ್ಬರೇ ಪ್ರಾರ್ಥನೆಗೆ ಹೋದದ್ದನ್ನು ಮಾರ್ಕ 1:35ರಲ್ಲಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಏಳುವುದೇ ಐದಕ್ಕೆ. ಅದು ನಲ್ಲಿ ನೀರು ಬರುವ ಹೊತ್ತು, ಮೋಟಾರು ಹಾಕಬೇಕು, ಮಕ್ಕಳ ಡಬ್ಬಿ ಕಟ್ಟಬೇಕು, ಏಳೂವರೆಗೆ ಸ್ಕೂಲ್ ವ್ಯಾನು. ನಾಲ್ಕಕ್ಕೆ ಎದ್ದರೆ ಕೂತಲ್ಲೇ ತೂಕಡಿಕೆ. ಮೊಬೈಲಿನಲ್ಲಿ ಓದೋಣ ಅಂದರೆ ಒಂದು ವಚನ ಮುಗಿಯುವಷ್ಟರಲ್ಲಿ ವಾಟ್ಸಾಪ್ ಬರುತ್ತದೆ, ಅದೂ ಸಭೆಯ ಗ್ರೂಪಿನದೇ. ಹೊರಗೂ ದುಡಿದು ಸಭೆಯಲ್ಲೂ ಜವಾಬ್ದಾರಿ ಹೊತ್ತವರು ನಿಜವಾಗಿ ಹೇಗೆ ಮಾಡುತ್ತಿದ್ದೀರಿ, ಅದನ್ನು ಹೇಳಿ.

ಮೂರನೇ ಪಾಳಿ

ಅಕ್ಕ, ನಾನು ಸ್ಟಾಫ್ ನರ್ಸ್. ಒಂದು ವಾರ ಮಾರ್ನಿಂಗ್, ಇನ್ನೊಂದು ವಾರ ನೈಟ್, ಹಾಗಾಗಿ ದಿನಾ ಇದೇ ಹೊತ್ತು ಅನ್ನುವುದು ನಮಗಿಲ್ಲ. ನಾನು ಗಡಿಯಾರ ಬಿಟ್ಟು ಡ್ಯೂಟಿಯನ್ನೇ ಹಿಡಿದುಕೊಂಡೆ. ಹ್ಯಾಂಡೋವರ್ ಕೊಟ್ಟು, ರೂಮಿಗೆ ಬಂದು ಮುಖ ತೊಳೆದು, ಊಟಕ್ಕೆ ಮುಂಚೆ ಕೂರುತ್ತೇನೆ. ಅದು ಬೆಳಿಗ್ಗೆ ಒಂಬತ್ತಾಗಲಿ, ರಾತ್ರಿ ಒಂಬತ್ತಾಗಲಿ.

ಓದುವುದು ಕೀರ್ತನೆ 119. 176 ವಚನ ಅಂತ ಹೆದರಬೇಡಿ. ಅದು ಎಂಟೆಂಟು ವಚನದ 22 ಭಾಗ, ಇಬ್ರಿಯ ಭಾಷೆಯ ಒಂದೊಂದು ಅಕ್ಷರಕ್ಕೆ ಒಂದೊಂದು ಭಾಗ. ಒಂದು ಡ್ಯೂಟಿಗೆ ಒಂದು ಭಾಗ ಸಾಕು. ಎಂಟರಲ್ಲಿ ಮನಸ್ಸಿಗೆ ತಾಗಿದ ಒಂದನ್ನು ಎತ್ತಿಕೊಂಡು ಅದನ್ನೇ ನನ್ನ ಮಾತಲ್ಲಿ ದೇವರಿಗೆ ಹೇಳುತ್ತೇನೆ. 25ನೇ ವಚನದಲ್ಲಿ, ನನ್ನ ಪ್ರಾಣ ಧೂಳಿಗೆ ಸೇರಿದೆ, ನನ್ನನ್ನು ಬದುಕಿಸು ಅಂತ ಕೇಳುತ್ತಾನಲ್ಲ, ವಾರ್ಡಿನಲ್ಲಿ ಒಂದು ಮಗು ಹೋದ ರಾತ್ರಿ ಅದಕ್ಕಿಂತ ಜಾಸ್ತಿ ಹೇಳಲು ನನ್ನ ಬಾಯಿಗೆ ಏನೂ ಬರಲಿಲ್ಲ. ಬೇಕಾಗಿಯೂ ಇರಲಿಲ್ಲ.

ನೈಟ್ ಡ್ಯೂಟಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಕೀರ್ತನೆ 134 ನೋಡಿ. ಮೂರೇ ವಚನ. ರಾತ್ರಿ ಹೊತ್ತು ದೇವಾಲಯದಲ್ಲಿ ನಿಂತು ಸೇವೆ ಮಾಡುವವರನ್ನು ಕರೆದು ಹೇಳಿದ್ದು ಅದು.

ಅಕ್ಕ, ಇನ್ನೊಂದು. ಮೊಬೈಲ್ ಬೇಡ. ಜಿಪ್ ಕವರಿನ ಸತ್ಯವೇದ ಭಾನುವಾರಕ್ಕೆ ಅಂತ ಬೀರುವಿನಲ್ಲಿಟ್ಟಿರುತ್ತೇವಲ್ಲ, ಅದನ್ನು ತೆಗೆದು ಕೂರುವ ಜಾಗದಲ್ಲೇ ಇಡಿ.

ಧಾರವಾಡದ ಸಭಾ ಹಿರಿಯ

ತಂಗಿ, ಮಾರ್ಕ 1:35 ಎಲ್ಲರಿಗೂ ಬಾಯಿಪಾಠ. ಅದೇ ಮಾರ್ಕನ 6ನೇ ಅಧ್ಯಾಯವನ್ನು 30ನೇ ವಚನದಿಂದ ಒಮ್ಮೆ ನಿಧಾನಕ್ಕೆ ಓದು, ನಿನ್ನ ಮನೆಯ ಕತೆಯೇ ಅಲ್ಲಿದೆ. ಶಿಷ್ಯರು ಸೇವೆ ಮುಗಿಸಿ ಬಂದಿದ್ದಾರೆ. ಬರುವವರು ಹೋಗುವವರು ಎಷ್ಟು ಅಂದರೆ ಅವರಿಗೆ ಉಣ್ಣಲಿಕ್ಕೂ ಪುರುಸೊತ್ತಿಲ್ಲ. ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಅಂತ ಯೇಸು ಸ್ವಾಮಿ ಅವರನ್ನು ದೋಣಿಯಲ್ಲಿ ಕರೆದುಕೊಂಡು ಹೊರಟರು. ದೋಣಿ ದಡ ಮುಟ್ಟುವಷ್ಟರಲ್ಲಿ ಜನ ಕಾಲ್ನಡಿಗೆಯಲ್ಲಿ ಓಡಿ ಅವರಿಗಿಂತ ಮುಂಚೆ ಅಲ್ಲಿ ಸೇರಿಬಿಟ್ಟಿದ್ದರು! ಸ್ವಾಮಿ ಸಿಟ್ಟಾಗಲಿಲ್ಲ. ಕನಿಕರಪಟ್ಟರು, ಬೋಧಿಸಿದರು, ಐದು ಸಾವಿರ ಗಂಡಸರಿಗೆ ಊಟ ಹಾಕಿದರು. ಬೇಕಾಗಿದ್ದ ಏಕಾಂತ ಆ ಹೊತ್ತಿಗೆ ಸಿಗಲೇ ಇಲ್ಲ.

ಆಮೇಲೆ ಮಾಡಿದ್ದು ನೋಡು. ಶಿಷ್ಯರನ್ನು ದೋಣಿ ಹತ್ತಿಸಿ ಕಳಿಸಿದರು, ಜನರನ್ನು ಕಳಿಸಿದರು, ಒಬ್ಬರೇ ಬೆಟ್ಟಕ್ಕೆ ಹೋದರು ಪ್ರಾರ್ಥನೆಗೆ. ಅದು ಬೆಳಗಿನ ಜಾವ ಅಲ್ಲ, ಹೊತ್ತು ಮುಳುಗುವ ಸಮಯ. ಸಿಗದ ಹೊತ್ತನ್ನು ಸ್ವಾಮಿ ಮರೆತುಬಿಡಲಿಲ್ಲ, ಅದೇ ದಿನ ಬೇರೆ ಕಡೆ ಹುಡುಕಿಕೊಂಡರು. ಅದಕ್ಕಾಗಿ ಜನರನ್ನು ಕಳಿಸಲೂ ಬೇಕಾಯಿತು.

ನೀನೂ ಏನಾದರೂ ಒಂದನ್ನು ಕಳಿಸು. ಲೆಕ್ಕ ಬರೆಯುವವರು ಬೇರೆ ಸಿಗುತ್ತಾರೆ. ನಮ್ಮ ಸಭೆಗಳಲ್ಲಿ ಒಂದು ಕೆಟ್ಟ ರೂಢಿ ಇದೆ, ಮಾಡುವವರ ತಲೆಗೇ ಇನ್ನಷ್ಟು ಕಟ್ಟುವುದು, ಅದರಲ್ಲೂ ಹೆಣ್ಣುಮಕ್ಕಳ ತಲೆಗೆ. ಪಾಸ್ಟರ ಹತ್ತಿರ ಹೋಗಿ ಈ ವರ್ಷ ಆಗುವುದಿಲ್ಲ ಅಂತ ಹೇಳು. ಅದರಲ್ಲಿ ಭಕ್ತಿ ಕಮ್ಮಿಯಾಗುವಂಥದ್ದು ಏನೂ ಇಲ್ಲ.

ಕರಾವಳಿ ಕಥೋಲಿಕ

ನಾನು ಕಥೋಲಿಕ, ಆದರೂ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ತ್ರಿಕಾಲ ಪ್ರಾರ್ಥನೆ ಅಂತ ಇದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಇಗರ್ಜಿಯ ಗಂಟೆ ಹೊಡೆಯುತ್ತದೆ. ಸಣ್ಣ ಸಣ್ಣ ಮೂರು ವಾಕ್ಯ, ಒಂದೊಂದಕ್ಕೆ ಒಂದು ನಮೋ ಮರಿಯಾ, ಕೊನೆಗೊಂದು ಪ್ರಾರ್ಥನೆ. ಎರಡು ಮೂರು ನಿಮಿಷ ಅಷ್ಟೇ. ನನ್ನ ಅಜ್ಜಿ ಗಂಟೆ ಕೇಳಿದರೆ ಕೈಯಲ್ಲಿದ್ದ ಸೌಟನ್ನು ಅಲ್ಲೇ ಇಟ್ಟು ನಿಲ್ಲುತ್ತಿದ್ದರು, ಮೀನು ಸಾರು ಕುದಿಯುತ್ತಿದ್ದರೂ ಸರಿ. ನಾನು ಆಫೀಸಿನಲ್ಲಿ ಹನ್ನೆರಡಕ್ಕೆ ಕಂಪ್ಯೂಟರಿನಿಂದ ಕೈ ತೆಗೆದು ಅದನ್ನೇ ಮಾಡುತ್ತೇನೆ.

ಮರಿಯಮ್ಮನವರ ಪ್ರಾರ್ಥನೆ ನಿಮ್ಮಲ್ಲಿ ಇಲ್ಲ ಅಂತ ಗೊತ್ತು. ದಾನಿಯೇಲ 6:10 ಇದೆಯಲ್ಲ, ದಿನಕ್ಕೆ ಮೂರು ಸಲ ಮೊಣಕಾಲೂರಿದವನು. ಅವನೇನು ಬಿಡುವಾಗಿದ್ದವನಲ್ಲ. 120 ದೇಶಾಧಿಪತಿಗಳ ಮೇಲಿದ್ದ ಮೂವರು ದೊಡ್ಡ ಅಧಿಕಾರಿಗಳಲ್ಲಿ ಒಬ್ಬ.

ನೆಹೆಮೀಯ 2:4

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಎರಡು ನಿಮಿಷದ ಪ್ರಾರ್ಥನೆ ಒಳ್ಳೆಯದೇ, ನನ್ನ ಹೆಸರಲ್ಲೇ ಅದಿದೆ. ಅರಸ ನಿನಗೇನು ಬೇಕು ಅಂತ ಕೇಳಿದಾಗ ನೆಹೆಮೀಯ ನಿಂತಲ್ಲೇ ದೇವರನ್ನು ಬೇಡಿಕೊಂಡು ಉತ್ತರ ಕೊಟ್ಟ, ಒಂದು ಉಸಿರಿನಷ್ಟು ಹೊತ್ತು. ಆದರೆ ಅದಕ್ಕೆ ಮುಂಚೆ 1ನೇ ಅಧ್ಯಾಯದಲ್ಲಿ ಅವನು ಕೂತು ಅತ್ತಿದ್ದಾನೆ, ಉಪವಾಸ ಮಾಡಿದ್ದಾನೆ, ಹಗಲು ರಾತ್ರಿ ಬೇಡಿದ್ದಾನೆ. ಅಲ್ಲಿಂದ ಅರಸನ ಮುಂದೆ ನಿಂತ ದಿನಕ್ಕೆ ನಾಲ್ಕು ತಿಂಗಳ ಹತ್ತಿರ. ಆ ಉದ್ದದ ಪ್ರಾರ್ಥನೆ ಬಿಟ್ಟು ಚಿಕ್ಕದನ್ನೇ ನಂಬಿಕೊಂಡರೆ ಸ್ವಲ್ಪ ದಿನದಲ್ಲಿ ಅದೂ ಒಣಗುತ್ತದೆ. ಸುಮ್ನೆ ಬಾಯಿ ಆಡುತ್ತಿರುತ್ತದೆ ಅಷ್ಟೇ.

ವಾರಕ್ಕೊಮ್ಮೆಯಾದರೂ ಉದ್ದಕ್ಕೆ ಕೂರಲೇಬೇಕು. ಇಲ್ಲಿ ನಾನು ಗಂಡಸರಿಗೆ ಹೇಳುತ್ತೇನೆ, ನಾನೂ ಗಂಡಸೇ. ಭಾನುವಾರ ಆರಾಧನೆ ಮುಗಿದ ಮೇಲೆ ಮಕ್ಕಳನ್ನು ನೀವು ಕರೆದುಕೊಂಡು ಹೊರಗೆ ನಿಲ್ಲಿ. ಹೆಂಡತಿ ಅರ್ಧ ಗಂಟೆ ಖಾಲಿ ಚರ್ಚಿನೊಳಗೆ ಕೂರಲಿ. ಅಡುಗೆ ಅರ್ಧ ಗಂಟೆ ತಡವಾದರೆ ಏನಾಗುತ್ತದೆ? ತಡವಾಗಲಿ. ನಮ್ಮ ಮನೆಯಲ್ಲಿ ಹೀಗೇ ನಡೆಯುತ್ತಿದೆ. ಅವಳು ಹೊರಗೆ ಬರುವಾಗ ಮುಖ ನೋಡಿದರೆ ಗೊತ್ತಾಗುತ್ತದೆ.

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣಾವ್ರೇ, ಮಾರ್ಕ 6 ಈಗಷ್ಟೇ ಓದಿದೆ. 31ನೇ ವಚನದಲ್ಲಿ ಊಟಕ್ಕೂ ಸಮಯವಿಲ್ಲ ಅನ್ನುವ ಕಡೆ ಕಣ್ಣು ತುಂಬಿತು. ಸಂಘದ ಲೆಕ್ಕದ ಪುಸ್ತಕ ಮುಂದಿನ ಮೀಟಿಂಗಿನಲ್ಲಿ ವಾಪಸ್ ಕೊಡುತ್ತೇನೆ. ಸಂಡೇ ಸ್ಕೂಲ್ ಮಾತ್ರ ಬಿಡಲಾರೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಅತ್ತೆಗೆ ಮಾತ್ರೆ ಕೊಟ್ಟು, ಅವರ ಮಂಚದ ಪಕ್ಕದಲ್ಲೇ ಸತ್ಯವೇದ ಇಟ್ಟುಕೊಂಡು ಕೂರೋಣ ಅಂತಿದ್ದೇನೆ. ಅವರಿಗೂ ಕೇಳಿಸುವಂತೆ ಓದಿದರೆ ಖುಷಿಪಡುತ್ತಾರೆ, ಆದರೆ ಆಗ ಒಬ್ಬಳೇ ಕೂತಂತೆ ಆಗುವುದಿಲ್ಲ ಅಲ್ವಾ? ಇದಕ್ಕೇನು ಮಾಡಲಿ?

ಮೂರನೇ ಪಾಳಿ

ಮೊದಲು ಅವರಿಗೆ ಒಂದು ಕೀರ್ತನೆ ಗಟ್ಟಿಯಾಗಿ ಓದಿ ಅಕ್ಕ, ಚಿಕ್ಕದು, 23 ಅಥವಾ 121. ಲೈಟು ಆರಿಸಿ ಅವರು ಮಲಗಲಿ. ಆಮೇಲೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಫೋನ್ ಹಾಲಿನಲ್ಲೇ ಇರಲಿ.