ಎಂಜಿನ್ ಕಾದ ಮೇಲೆ ಸ್ಲೋ ನಿಲ್ಲುತ್ತಿಲ್ಲ: ಕಾರ್ಬೊರೇಟರಿನ ಮಿಕ್ಸ್ಚರ್ ಸ್ಕ್ರೂ ಯಾವ ಕಡೆಗೆ ತಿರುಗಿಸಬೇಕು?

ಸಿಂಧನೂರು_ಭತ್ತ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2009ರಲ್ಲಿ ಕೊಂಡ, ನಾಲ್ಕು ಸ್ಟ್ರೋಕಿನ 100 ಸಿಸಿ ಗಾಡಿಯೊಂದಿದೆ. ದಿನವೂ ಸಿಂಧನೂರಿನಿಂದ ಕಾಲುವೆ ದಂಡೆಯ ಮಣ್ಣುರಸ್ತೆ ಹಿಡಿದು ಹೊಲಕ್ಕೆ ಹೋಗಿಬರುವುದೇ ಅದರ ಕೆಲಸ. ಎರಡು ತಿಂಗಳಿಂದ ಒಂದು ತೊಂದರೆ ಕಾಡುತ್ತಿದೆ. ಬೆಳಿಗ್ಗೆ ಚೋಕ್ ಎಳೆದರೆ ಒಂದೇ ಕಿಕ್ಕಿಗೆ ಶುರುವಾಗುವ ಎಂಜಿನ್, ಕಾದ ಮೇಲೆ ಆಕ್ಸಿಲರೇಟರ್ ಬಿಟ್ಟ ಕೂಡಲೇ ಆರಿಹೋಗುತ್ತದೆ. ಚೋಕನ್ನು ಅರ್ಧ ಎಳೆದಿಟ್ಟರೆ ಮಾತ್ರ ನಿಲ್ಲುತ್ತದೆ. ಓಡುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಸೈಲೆನ್ಸರಿನಲ್ಲಿ ಪಟಪಟನೆ ಸದ್ದು ಬರುತ್ತದೆ. ಪಿಕಪ್ಪಿನಲ್ಲಾಗಲೀ ವೇಗದಲ್ಲಾಗಲೀ ಯಾವ ಕೊರತೆಯೂ ಇಲ್ಲ.

ಒಬ್ಬ ಮೆಕ್ಯಾನಿಕರು ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ಪಕ್ಕದ ಸಣ್ಣ ಮಿಕ್ಸ್ಚರ್ ಸ್ಕ್ರೂವನ್ನು ಬಿಗಿ ಮಾಡಿ, ‘ಮೈಲೇಜಿಗೆ ಇಟ್ಟಿದ್ದೇನೆ’ ಎಂದು ಹೇಳಿ ಕಳುಹಿಸಿದರು. ಗುಣವಾಗಲಿಲ್ಲ. ಇನ್ನೊಬ್ಬರು ಅದೇ ಸ್ಕ್ರೂವನ್ನು ಸಡಿಲ ಮಾಡಿದರು. ಆಗಲೂ ಗುಣವಾಗಲಿಲ್ಲ. ಸ್ಲೋ, ಅಂದರೆ ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ವೇಗವನ್ನು ಹೊಂದಿಸುವ ಸ್ಲೋ ಸ್ಕ್ರೂ ಏರಿಸಿಕೊಂಡರೆ ಎಂಜಿನ್ ಆರದೆ ನಿಲ್ಲುವುದೇನೋ ನಿಜ, ಆದರೆ ಮೊದಲ ಗೇರ್ ಹಾಕಿದಾಗ ಮುಂದಕ್ಕೆ ಎಗರುತ್ತದೆ. ಆ ಸಣ್ಣ ಸ್ಕ್ರೂವನ್ನು ಯಾವ ಕಡೆಗೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚುತ್ತದೆ, ಎಷ್ಟು ಸುತ್ತು ಬಿಚ್ಚಿರಬೇಕು, ಈಗ ಬರುತ್ತಿರುವ ಎಥನಾಲ್ ಬೆರೆಸಿದ ಪೆಟ್ರೋಲೇ ಇದಕ್ಕೆ ಕಾರಣವೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಕೆಂಧೂಳು_ಬಳ್ಳಾರಿ:

ನಮಸ್ಕಾರ ಸರ್. ಇಬ್ಬರು ಮೆಕ್ಯಾನಿಕರು ಎದುರುಬದುರು ದಿಕ್ಕಿಗೆ ತಿರುಗಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ, ಏಕೆಂದರೆ ದಿಕ್ಕು ಸ್ಕ್ರೂ ಇರುವ ಜಾಗವನ್ನು ಅವಲಂಬಿಸಿದೆ. ಕಾರ್ಬೊರೇಟರಿನ ನಡುವೆ ಮೇಲೆ ಕೆಳಗೆ ಆಡುವ ಸ್ಲೈಡ್ ಇರುತ್ತದಲ್ಲ, ಸ್ಕ್ರೂ ಅದಕ್ಕಿಂತ ಹಿಂದೆ, ಅಂದರೆ ಏರ್ ಫಿಲ್ಟರಿನ ಕಡೆಗೆ ಇದ್ದರೆ ಅದು ಏರ್ ಸ್ಕ್ರೂ. ಅದನ್ನು ಬಿಚ್ಚಿದಷ್ಟೂ ಗಾಳಿ ಹೆಚ್ಚಿ ಮಿಶ್ರಣ ತೆಳುವಾಗುತ್ತದೆ, ಅಂದರೆ ಪೆಟ್ರೋಲಿನ ಪಾಲು ಇಳಿಯುತ್ತದೆ; ಬಿಗಿದಷ್ಟೂ ದಪ್ಪವಾಗುತ್ತದೆ. ಹಳೆಯ ಆರ್‌ಎಕ್ಸ್ 100ರಲ್ಲಿ ಇರುವುದು ಇದೇ. ಸ್ಲೈಡಿಗಿಂತ ಮುಂದೆ, ಎಂಜಿನ್ ಕಡೆಗೆ ಇದ್ದರೆ ಅದು ಸಿದ್ಧವಾದ ಮಿಶ್ರಣವನ್ನೇ ಒಳಗೆ ಬಿಡುವ ಸ್ಕ್ರೂ. ಅದನ್ನು ಬಿಚ್ಚಿದಷ್ಟೂ ಪೆಟ್ರೋಲ್ ಹೆಚ್ಚುತ್ತದೆ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಿದರೆ ರೋಗ ಹೆಚ್ಚುವುದೇ ಹೊರತು ಇಳಿಯುವುದಿಲ್ಲ.

‘ಮೈಲೇಜಿಗೆ ಇಡುವುದು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಈ ಸ್ಕ್ರೂವಿನ ಆಡಳಿತ ಆಕ್ಸಿಲರೇಟರ್ ಮುಚ್ಚಿದಲ್ಲಿಂದ ಹೆಚ್ಚೆಂದರೆ ಕಾಲು ಭಾಗ ತೆರೆಯುವವರೆಗೆ ಮಾತ್ರ. ಅದಕ್ಕಿಂತ ಮೇಲೆ ಪೆಟ್ರೋಲನ್ನು ಅಳೆದು ಕೊಡುವುದು ಸೂಜಿ ಮತ್ತು ಮೇನ್ ಜೆಟ್. ರಸ್ತೆಯಲ್ಲಿ ನಿಮ್ಮ ಗಾಡಿ ಚೆನ್ನಾಗಿ ಓಡುತ್ತಿರುವುದರಿಂದ ಅವೆರಡೂ ಸರಿಯಾಗಿವೆ ಎಂದು ತಿಳಿಯಬಹುದು.

ಸ್ಕ್ರೂವನ್ನು ಮುಟ್ಟುವ ಮೊದಲು ಏರ್ ಫಿಲ್ಟರ್ ನೋಡಿ. ಸಂಡೂರು, ತೋರಣಗಲ್ಲಿನ ಕಡೆ ಅದಿರಿನ ಲಾರಿಗಳ ಹಿಂದೆ ಓಡಾಡುವ ಗಾಡಿಗಳ ಫಿಲ್ಟರ್ ಕಾಗದ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುವುದನ್ನು ನಾನು ದಿನವೂ ಕಾಣುತ್ತೇನೆ. ಕಟ್ಟಿಕೊಂಡ ಫಿಲ್ಟರನ್ನು ಬದಲಿಸದೆ ಮಿಶ್ರಣ ಸರಿಮಾಡುವುದೆಂದರೆ ಧೂಳಿಗೆ ತಕ್ಕಂತೆ ಗಾಡಿಯನ್ನು ಹೊಂದಿಸಿದ ಹಾಗೆ. ಪ್ಲಗ್ ಮತ್ತು ವಾಲ್ವ್ ಗ್ಯಾಪನ್ನೂ ನೋಡಿಸಿಕೊಳ್ಳಿ.

ನಂತರ ಗಾಡಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ ಎಂಜಿನ್ ಚೆನ್ನಾಗಿ ಕಾಯಲು ಬಿಡಿ. ಚೋಕ್ ಪೂರ್ತಿ ಬಂದಾಗಿರಲಿ. ಎಂಜಿನ್ ನಿಲ್ಲಿಸಿ, ತಲೆಗೆ ಸರಿಯಾಗಿ ಕೂರುವ ಸಣ್ಣ ಸ್ಕ್ರೂಡ್ರೈವರಿನಿಂದ ಸ್ಕ್ರೂವನ್ನು ಬಲಕ್ಕೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ತಳ ಮುಟ್ಟಿತೆಂದು ಬರೆದಿಟ್ಟುಕೊಳ್ಳಿ. ತಳ ಮುಟ್ಟಿದ ಮೇಲೆ ಎಳ್ಳಷ್ಟೂ ಬಿಗಿಯಬೇಡಿ, ಅದರ ತುದಿ ಸೂಜಿಯಂತಿದ್ದು ಮುರಿದರೆ ರಂಧ್ರದೊಳಗೇ ಉಳಿದುಬಿಡುತ್ತದೆ. ಅಲ್ಲಿಂದ ಒಂದೂವರೆ ಸುತ್ತು ಬಿಚ್ಚಿ ಎಂಜಿನ್ ಶುರು ಮಾಡಿ, ಸ್ಲೋ ಸ್ಕ್ರೂವನ್ನು ಆರಿಹೋಗದಷ್ಟು ಏರಿಸಿಕೊಳ್ಳಿ. ಈಗ ಮಿಶ್ರಣದ ಸ್ಕ್ರೂವನ್ನು ಒಂದೇ ದಿಕ್ಕಿಗೆ ಕಾಲು ಕಾಲು ಸುತ್ತು ತಿರುಗಿಸಿ, ಪ್ರತಿ ಸಲವೂ ಎಂಜಿನ್ ಹೊಂದಿಕೊಳ್ಳಲು ಹತ್ತು ಸೆಕೆಂಡ್ ಬಿಟ್ಟು ಕಿವಿಗೊಡಿ. ವೇಗ ಏರುತ್ತಾ ಹೋಗಿ ಒಂದು ಕಡೆ ಕುಸಿಯುತ್ತದೆ. ಎದುರು ದಿಕ್ಕಿನಲ್ಲೂ ಹಾಗೆಯೇ ಕುಸಿಯುವ ಜಾಗವನ್ನು ಹುಡುಕಿ. ಅವೆರಡರ ನಡುವೆ, ವೇಗ ಅತಿ ಹೆಚ್ಚಿರುವಲ್ಲಿ ಸ್ಕ್ರೂ ನಿಲ್ಲಬೇಕು. ಕೊನೆಗೆ ಸ್ಲೋ ಸ್ಕ್ರೂ ಇಳಿಸಿ ಗಾಡಿಯ ಪುಸ್ತಕದಲ್ಲಿ ಹೇಳಿದ ಆರ್‌ಪಿಎಂಗೆ ತನ್ನಿ. ಇಂತಹ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ 1400ರ ಆಸುಪಾಸಿನಲ್ಲಿರುತ್ತದೆ.

ಆದರೆ ನಿಮ್ಮ ವಿಷಯದಲ್ಲಿ ಸ್ಕ್ರೂವಿನಿಂದಲೇ ಇದು ಬಗೆಹರಿಯುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಆ ಕಡೆ ತಿರುಗಿಸಿದರೂ ಈ ಕಡೆ ತಿರುಗಿಸಿದರೂ ಎಂಜಿನ್ನಿನ ಸದ್ದು ಬದಲಾಗದಿದ್ದರೆ ಪೈಲಟ್ ಜೆಟ್, ಅಂದರೆ ಸ್ಲೋದಲ್ಲಿ ಪೆಟ್ರೋಲ್ ಬಿಡುವ ಸಣ್ಣ ರಂಧ್ರದ ತುಂಡು, ಕಟ್ಟಿಕೊಂಡಿದೆ ಎಂದೇ ಅರ್ಥ.

ಕೊಪ್ಪಳ_ಕಿಕ್ಕರ್:

ಇಷ್ಟೆಲ್ಲ ಶ್ರಮ ಏಕೆ ಅಣ್ಣಾವ್ರೇ? ನಮ್ಮ ಕಡೆ ಬಿಸಿಲಿಗೆ ಪೆಟ್ರೋಲ್ ಆವಿಯಾಗಿ ಮಿಶ್ರಣ ತೆಳುವಾಗುತ್ತದೆ. ಬೇಸಿಗೆ ಬಂದ ಕೂಡಲೇ ಅರ್ಧ ಸುತ್ತು ದಪ್ಪ ಮಾಡಿ, ಮಳೆಗಾಲಕ್ಕೆ ಮತ್ತೆ ತೆಳು ಮಾಡಿದರೆ ಸಾಕು. ನಾನು ಹಲವು ವರ್ಷಗಳಿಂದ ಹೀಗೆಯೇ ಮಾಡುತ್ತಾ ಬಂದಿದ್ದೇನೆ.

ಮಸ್ಕಿ_ಮೇಷ್ಟ್ರು:

ಕೊಪ್ಪಳದವರ ಮಾತು ತಲೆಕೆಳಗಾಗಿದೆ ಎಂದು ವಿನಯದಿಂದ ಹೇಳಬೇಕಾಗಿದೆ. ಗಾಳಿ ಬಿಸಿಯಾದಷ್ಟೂ ಹಗುರವಾಗುತ್ತದೆ. 15 ಡಿಗ್ರಿಯ ಚಳಿಗಾಲದ ಬೆಳಗಿನ ಗಾಳಿಗೆ ಹೋಲಿಸಿದರೆ 43 ಡಿಗ್ರಿಯ ಮಧ್ಯಾಹ್ನದ ಗಾಳಿಯ ಸಾಂದ್ರತೆ ಸುಮಾರು ಶೇ. 9ರಷ್ಟು ಕಡಿಮೆ. ಕಾರ್ಬೊರೇಟರಿಗೆ ಈ ಲೆಕ್ಕ ತಿಳಿಯದು. ಗಾಳಿ ತೂಕದಲ್ಲಿ ಕಡಿಮೆಯಾದಷ್ಟು ಪೆಟ್ರೋಲನ್ನು ಅದು ಕಡಿಮೆ ಮಾಡುವುದಿಲ್ಲವಾದ್ದರಿಂದ ಬೇಸಿಗೆಯಲ್ಲಿ ಮಿಶ್ರಣ ತುಸು ದಪ್ಪವೇ ಆಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಫ್ಲೋಟ್ ಬೌಲಿನಲ್ಲಿ (ಕಾರ್ಬೊರೇಟರಿನ ತಳದ ಪೆಟ್ರೋಲ್ ಬಟ್ಟಲಿನಲ್ಲಿ) ಪೆಟ್ರೋಲ್ ಆವಿಯಾಗಿ ಶುರುಮಾಡಲು ತೊಂದರೆಯಾಗುವುದು ನಿಜ, ಆದರೆ ಅದು ಬೇರೆಯೇ ವಿಷಯ.

ಎಥನಾಲಿನ ಪ್ರಶ್ನೆಗೆ ಬರುತ್ತೇನೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಈ ಪ್ರಮಾಣ ಹದಿಮೂರೂವರೆಯ ಹತ್ತಿರ ಬರುತ್ತದೆ. ಅಂದರೆ ಹಳೆಯ ಪೆಟ್ರೋಲಿಗೆಂದು ಹೊಂದಿಸಿದ ಕಾರ್ಬೊರೇಟರ್ ಈಗ ಸ್ವಲ್ಪ ತೆಳು ಮಿಶ್ರಣವನ್ನೇ ಕೊಡುತ್ತದೆ. ಅದಕ್ಕೆ ಸ್ಕ್ರೂವಿನ ಒಂದಿಷ್ಟು ಹೊಂದಾಣಿಕೆ ಸಾಕಾಗುತ್ತದೆ. ಕಾದ ಎಂಜಿನ್ ಚೋಕ್ ಇಲ್ಲದೆ ನಿಲ್ಲದ ಸ್ಥಿತಿಗೆ ಎಥನಾಲನ್ನೊಂದೇ ದೂರುವುದು ಸರಿಯಲ್ಲ. ಎಥನಾಲ್ ನೀರನ್ನು ಹೀರಿಕೊಳ್ಳುವುದರಿಂದ, ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಿದ್ದರೆ ಫ್ಲೋಟ್ ಬೌಲಿನ ತಳದ ಡ್ರೈನ್ ಸ್ಕ್ರೂ ಬಿಚ್ಚಿ ಖಾಲಿ ಮಾಡಿಡುವುದು ಒಳ್ಳೆಯದು.

ಕಿವಿಯನ್ನು ನಂಬಲಾಗದವರಿಗೆ ಇನ್ನೊಂದು ದಾರಿ ಇದೆ. ಎಮಿಷನ್ ಟೆಸ್ಟ್ ಮಾಡುವಲ್ಲಿ ಸೈಲೆನ್ಸರಿಗೆ ನಳಿಕೆ ತೂರಿಸಿ ಸ್ಲೋದಲ್ಲೇ ಅಳೆಯುತ್ತಾರೆ, ಅಂದರೆ ಅವರು ಅಳೆಯುವುದು ಇದೇ ಸ್ಕ್ರೂವಿನ ಫಲಿತಾಂಶವನ್ನು. ತಮ್ಮ ಗಾಡಿಯ ಕಾಲದ ನಾಲ್ಕು ಸ್ಟ್ರೋಕ್ ವಾಹನಗಳಿಗೆ ಕಾರ್ಬನ್ ಮಾನಾಕ್ಸೈಡಿನ ಮಿತಿ ಶೇ. 3.5, ಹೈಡ್ರೋಕಾರ್ಬನ್ನಿನದು 4500 ಪಿಪಿಎಂ. ಮೊದಲನೆಯದು ಮಿತಿ ಮೀರಿದರೆ ಮಿಶ್ರಣ ದಪ್ಪವಾಗಿದೆ. ಮೊದಲನೆಯದು ಸೊನ್ನೆಯ ಹತ್ತಿರವಿದ್ದು ಎರಡನೆಯದು ಏರಿದ್ದರೆ, ತೆಳು ಮಿಶ್ರಣ ಆಗಾಗ ಉರಿಯದೆ ಹಾಗೆಯೇ ಹೊರಬರುತ್ತಿದೆ ಎಂದು ಊಹಿಸಬಹುದು.

ಕೆಂಧೂಳು_ಬಳ್ಳಾರಿ:

ಮೇಷ್ಟ್ರು ಹೇಳಿದ ಎಮಿಷನ್ ಟೆಸ್ಟಿನ ಉಪಾಯವನ್ನು ನಾನೂ ಇನ್ನು ಮುಂದೆ ಬಳಸುತ್ತೇನೆ. ಜೆಟ್ ಬಿಚ್ಚುವಾಗ ಎರಡು ವಿಷಯ ನೆನಪಿರಲಿ. ಅದರ ರಂಧ್ರ ಅರ್ಧ ಮಿಲಿಮೀಟರಿಗಿಂತ ಕಿರಿದು. ತಂತಿ ತೂರಿಸಿದರೆ ರಂಧ್ರ ಹಿಗ್ಗಿ ಜೆಟ್ ಕೆಡುತ್ತದೆ, ಆದ್ದರಿಂದ ಕಾರ್ಬ್ ಕ್ಲೀನರ್ ಹೊಡೆದು, ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಊದಿಸಿ. ಊದಿಸುವ ಮೊದಲು ಮಿಶ್ರಣದ ಸ್ಕ್ರೂವನ್ನು ಪೂರ್ತಿ ಹೊರತೆಗೆಯಿರಿ. ಅದರ ಸ್ಪ್ರಿಂಗ್, ವಾಷರ್, ಸಣ್ಣ ರಬ್ಬರ್ ರಿಂಗ್ ಇದ್ದರೆ ಅವು ಗಾಳಿಗೆ ಹಾರಿದರೆ ಮತ್ತೆ ಸಿಗುವುದಿಲ್ಲ. ಕೆಲವು ಕಾರ್ಬೊರೇಟರುಗಳಲ್ಲಿ ಪೈಲಟ್ ಜೆಟ್ ಬಿಚ್ಚಲು ಬರುವುದಿಲ್ಲ, ಅಂತಹದನ್ನು ಇದ್ದ ಜಾಗದಲ್ಲೇ ಊದಿಸಬೇಕು.

ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವಿನ ಕರಿಯ ತುಂಡಿನ ರಬ್ಬರ್ ರಿಂಗನ್ನೂ ನೋಡಿ. ಅದು ಚಪ್ಪಟೆಯಾಗಿ ಗಾಳಿ ಸೋರುತ್ತಿದ್ದರೆ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ. ಎಂಜಿನ್ ಸ್ಲೋದಲ್ಲಿರುವಾಗ ಆ ಸಂದಿಗೆ ಸ್ವಲ್ಪ ನೀರು ಚಿಮುಕಿಸಿ, ಸದ್ದು ಬದಲಾದರೆ ಸೋರಿಕೆ ಇದೆ. ಇದಕ್ಕೆ ಪೆಟ್ರೋಲ್ ಚಿಮುಕಿಸುವವರನ್ನು ನೋಡಿದ್ದೇನೆ, ಕಾದ ಎಂಜಿನ್ನಿನ ಮೇಲೆ ಅಂತಹ ಸಾಹಸ ಬೇಡ.

ಸಿಂಧನೂರು_ಭತ್ತ:

ಎಲ್ಲರಿಗೂ ಅನಂತ ವಂದನೆಗಳು. ಭಾನುವಾರ ಕೂತು ಎಲ್ಲವನ್ನೂ ಮಾಡಿದೆ. ನನ್ನ ಗಾಡಿಯಲ್ಲಿ ಇರುವುದು ಏರ್ ಫಿಲ್ಟರಿನ ಕಡೆಯ ಸ್ಕ್ರೂ. ಎರಡನೆಯ ಮೆಕ್ಯಾನಿಕರು ಅದನ್ನು ಮೂರೂಮುಕ್ಕಾಲು ಸುತ್ತು ಬಿಚ್ಚಿದ್ದರು, ಅಂದರೆ ಪೆಟ್ರೋಲ್ ಹೆಚ್ಚಿಸುತ್ತೇನೆಂದು ಗಾಳಿಯನ್ನು ಹೆಚ್ಚಿಸಿದ್ದರು. ಸ್ಕ್ರೂ ತಿರುಗಿಸಿ ನೋಡಿದರೆ ಸದ್ದಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಫ್ಲೋಟ್ ಬೌಲ್ ಬಿಚ್ಚಿದಾಗ ತಳದಲ್ಲಿ ಕಾಫಿಯ ಗಷ್ಟಿನಂತೆ ಕೆಂಪು ಕೆಸರು ಕೂತಿತ್ತು. ಪೈಲಟ್ ಜೆಟ್ಟನ್ನು ಸೂರ್ಯನ ಕಡೆಗೆ ಹಿಡಿದರೆ ಬೆಳಕು ಕಾಣಲಿಲ್ಲ, ಎರಡು ಸಲ ಕ್ಲೀನರ್ ಹೊಡೆದು ಗಾಳಿ ಊದಿಸಿದ ಮೇಲೆ ಸಾಸಿವೆ ಕಾಳಿಗಿಂತ ಸಣ್ಣದೊಂದು ದುಂಡು ಬೆಳಕಿನ ಚುಕ್ಕಿ ಕಂಡಿತು. ರಬ್ಬರ್ ರಿಂಗನ್ನೂ ಬದಲಿಸಿದೆ.

ಈಗ ಸ್ಕ್ರೂ ತಿರುಗಿಸಿದರೆ ಸದ್ದು ಸ್ಪಷ್ಟವಾಗಿ ಏರಿಳಿಯುತ್ತದೆ, ಒಂದೂಮುಕ್ಕಾಲು ಸುತ್ತಿನಲ್ಲಿ ಚೆನ್ನಾಗಿ ನಿಂತಿದೆ. ಎಮಿಷನ್ ಟೆಸ್ಟಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 1.6 ತೋರಿಸಿತು. ಸೈಲೆನ್ಸರಿನ ಪಟಪಟ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ.

ಕೆಂಧೂಳು_ಬಳ್ಳಾರಿ:

ಸಂತೋಷ ಸರ್. ಉಳಿದ ಸದ್ದಿಗೆ ಸೈಲೆನ್ಸರ್ ಎಂಜಿನ್ನಿಗೆ ಸೇರುವಲ್ಲಿನ ಗ್ಯಾಸ್ಕೆಟ್ ನೋಡಿ. ಅಲ್ಲಿ ಕಪ್ಪು ಮಸಿಯ ಗೆರೆ ಕಂಡರೆ ಸೋರುತ್ತಿದೆ ಎಂದು ತಿಳಿದು ಬದಲಿಸಿ. ಟ್ಯಾಂಕಿನಲ್ಲೂ ಅದೇ ಕೆಸರು ಇರಬಹುದು, ಪೆಟ್ರೋಲ್ ಕಾಕಿನ ಜಾಲರಿಯನ್ನು ತೊಳೆಯದಿದ್ದರೆ ಜೆಟ್ ಮತ್ತೆ ಕಟ್ಟಿಕೊಳ್ಳುತ್ತದೆ.